ಚಾಂಗಿಯಿಂದ ನ್ಯೂಯಾರ್ಕ್‌ಗೆ: ದೂರ ಒಂದೇ, ಹೊತ್ತು ಬೇರೆ ಬೇರೆ

ಸಿಂಗಪುರದ ಚಾಂಗಿ ವಿಮಾನ ನಿಲ್ದಾಣದಿಂದ ನ್ಯೂಯಾರ್ಕ್‌ನ ಜಾನ್ ಎಫ್. ಕೆನಡಿ ನಿಲ್ದಾಣಕ್ಕೆ ಎಷ್ಟು ದೂರ ಅಂತ ಹುಡುಕಿದರೆ ಒಂದು ಕಡೆ 15,300 ಚಿಲ್ಲರೆ ಕಿಲೋಮೀಟರ್ ಅಂತ ಸಿಗುತ್ತದೆ. ಇನ್ನೊಂದು ಕಡೆ 16,000 ದಾಟಿದ ಲೆಕ್ಕ ಇರುತ್ತದೆ. ಎಷ್ಟು ಹೊತ್ತು ಅಂತ ಕೇಳಿದರಂತೂ ಮುಗಿಯಿತು. ಒಬ್ಬರು 17 ಗಂಟೆ ಅನ್ನುತ್ತಾರೆ, ಇನ್ನೊಬ್ಬರು ಹದಿನೆಂಟೂವರೆ, ಮತ್ತೊಬ್ಬರು 19. ತಮಾಷೆ ಏನೆಂದರೆ ಇವರಲ್ಲಿ ಯಾರೂ ಸುಳ್ಳು ಹೇಳುತ್ತಿಲ್ಲ. ಒಬ್ಬೊಬ್ಬರು ಒಂದೊಂದನ್ನು ಅಳೆಯುತ್ತಿದ್ದಾರೆ ಅಷ್ಟೇ.

ನನಗೆ ಇದು ಗೊತ್ತಾಗಿದ್ದು ಅದೇ ವಿಮಾನದಲ್ಲಿ ಹೋಗಬೇಕಾಗಿ ಬಂದಾಗ. ಜನವರಿ ತಿಂಗಳು. ಎಲ್ಲೂ ಇಳಿಯದೆ ನೇರ ಹೋಗುವ ವಿಮಾನ. ಟಿಕೆಟ್‌ನಲ್ಲಿ ಹೊರಡೋದು ಸೋಮವಾರ ರಾತ್ರಿ 11.55, ತಲುಪೋದು ಮಂಗಳವಾರ ಬೆಳಗ್ಗೆ 5.35 ಅಂತ ಇತ್ತು. ನ್ಯೂಜೆರ್ಸಿಯಲ್ಲಿರುವ ಅಕ್ಕ ಕಾರು ತರುತ್ತೇನೆ ಅಂದಿದ್ದಳು. ಫೋನಿನಲ್ಲಿ ಅವಳು ಕೇಳಿದ್ದು ಇಷ್ಟೇ:

"ಎಷ್ಟೊತ್ತಿಗೆ ಬರ್ಲಿ ಹೇಳು."

"ಐದು ಮೂವತ್ತೈದು ಅಂತಿದೆ ಅಕ್ಕ."

"ಅದು ನೆಲ ಮುಟ್ಟೋ ಹೊತ್ತೋ, ನೀನು ಬಾಗಿಲಿಂದಾಚೆ ಬರೋ ಹೊತ್ತೋ?"

ಒಳ್ಳೆ ಪ್ರಶ್ನೆ ಅನ್ನಿಸಿತು. ಸರಿ, ಮೊದಲಿಂದಲೇ ಲೆಕ್ಕ ಹಾಕೋಣ ಅಂತ ಕೂತೆ.

ಮೊದಲು ದೂರ. ಗೋಡೆಯ ಮೇಲಿನ ಭೂಪಟದಲ್ಲಿ ಸಿಂಗಪುರ ಬಲಗಡೆ, ನ್ಯೂಯಾರ್ಕ್ ಎಡಗಡೆ. ಸ್ಕೇಲ್ ಇಟ್ಟು ಗೆರೆ ಎಳೆದರೆ ಅದು ಹಿಂದೂ ಮಹಾಸಾಗರ, ಆಫ್ರಿಕಾ, ಅಟ್ಲಾಂಟಿಕ್ ಎಲ್ಲ ದಾಟಿಕೊಂಡು ಹೋಗುತ್ತದೆ. ಆ ಗೆರೆಯನ್ನು ನಂಬಬಾರದು. ಉಂಡೆಯಾಗಿರುವ ಭೂಮಿಯನ್ನು ಚಪ್ಪಟೆ ಕಾಗದಕ್ಕೆ ಎಳೆದು ಅಂಟಿಸಿದಾಗ ಮೇಲಿನ ಮತ್ತು ಕೆಳಗಿನ ಭಾಗ ವಿಪರೀತ ಹಿಗ್ಗಿರುತ್ತದೆ. ಮಗಳ ಮೇಜಿನ ಮೇಲೆ ಒಂದು ಗ್ಲೋಬ್ ಇತ್ತು. ಒಂದು ದಾರ ತಗೊಂಡು ಒಂದು ತುದಿಯನ್ನು ಸಿಂಗಪುರದ ಮೇಲೆ, ಇನ್ನೊಂದು ತುದಿಯನ್ನು ನ್ಯೂಯಾರ್ಕ್ ಮೇಲೆ ಒತ್ತಿ ಹಿಡಿದು ಬಿಗಿಯಾಗಿ ಎಳೆದೆ. ದಾರ ತಾನಾಗಿಯೇ ಜಾರಿಕೊಂಡು ಮೇಲೆ ಹೋಯಿತು. ಹೋಗಿ ನಿಂತಿದ್ದು ಎಲ್ಲಿ ಅಂದರೆ ಉತ್ತರ ಧ್ರುವದ ಪಕ್ಕದಲ್ಲಿ, ಗ್ಲೋಬಿನ ತಿರುಪಿಗೆ ತಾಗಿಕೊಂಡು. ಬಿಗಿ ದಾರ ತೋರಿಸುವುದೇ ಅತಿ ಹತ್ತಿರದ ದಾರಿ. ಅದಕ್ಕಿಂತ ಕಮ್ಮಿ ದೂರದ ದಾರಿ ಭೂಮಿಯ ಮೇಲೆ ಇಲ್ಲ.

ದಾರ ಯಾಕೆ ಅಲ್ಲಿಗೆ ಹೋಯಿತು ಅನ್ನೋದನ್ನು ಅಂಕಿಯಲ್ಲೂ ನೋಡಬಹುದು. ಚಾಂಗಿ ಇರುವುದು 104 ಡಿಗ್ರಿ ಪೂರ್ವ ರೇಖಾಂಶದಲ್ಲಿ. ಕೆನಡಿ ನಿಲ್ದಾಣ ಸುಮಾರು 74 ಡಿಗ್ರಿ ಪಶ್ಚಿಮದಲ್ಲಿ. ಎರಡೂ ಕೂಡಿಸಿದರೆ 178. ಅಂದರೆ ಎರಡು ಊರೂ ಭೂಮಿಯ ಎದುರುಬದುರು ಪಕ್ಕದಲ್ಲಿವೆ, ಪೂರ್ತಿ 180ಕ್ಕೆ ಎರಡೇ ಡಿಗ್ರಿ ಕಮ್ಮಿ. ಹಾಗಿದ್ದಾಗ ಹತ್ತಿರದ ದಾರಿ ಅಂದರೆ ನೆತ್ತಿ ಹತ್ತಿ ಆ ಕಡೆ ಇಳಿಯೋದು. ಚಾಂಗಿಯ ಅಕ್ಷಾಂಶ 1.36 ಡಿಗ್ರಿ. ಅಲ್ಲಿಂದ ಧ್ರುವಕ್ಕೆ 88.64 ಡಿಗ್ರಿ ಹತ್ತಬೇಕು. ನ್ಯೂಯಾರ್ಕ್ 40.64 ಡಿಗ್ರಿಯಲ್ಲಿದೆ. ಧ್ರುವದಿಂದ ಅಲ್ಲಿಗೆ 49.36 ಡಿಗ್ರಿ ಇಳಿಯಬೇಕು. ಕೂಡಿಸಿ ನೋಡಿ: ಸರಿಯಾಗಿ 138 ಡಿಗ್ರಿ. ಒಂದು ಡಿಗ್ರಿಗೆ 60 ನಾಟಿಕಲ್ ಮೈಲಿ. 138ನ್ನು 60ರಿಂದ ಗುಣಿಸಿದರೆ 8,280. ಒಂದು ನಾಟಿಕಲ್ ಮೈಲಿ ಅಂದರೆ 1.852 ಕಿ.ಮೀ. ಉತ್ತರ 15,335 ಕಿ.ಮೀ. ಸೈನು, ಕೊಸೈನು ಎಲ್ಲ ಹಾಕಿ ಸರಿಯಾದ ಸೂತ್ರದಲ್ಲಿ ಮಾಡಿದರೂ 15,340ರ ಆಸುಪಾಸಿನಲ್ಲೇ ಬರುತ್ತದೆ. ಭೂಮಿ ಪಕ್ಕಾ ಗೋಳ ಅಲ್ಲ, ಹೊಟ್ಟೆಯ ಹತ್ತಿರ ಸ್ವಲ್ಪ ಉಬ್ಬಿದೆ ಅನ್ನೋದನ್ನೂ ಸೇರಿಸಿದರೆ ಇನ್ನೊಂದು ಹತ್ತು ಕಿಲೋಮೀಟರ್ ಜಾಸ್ತಿ. ಕಾಗದ ಪೆನ್ನಿನಲ್ಲಿ ಇಷ್ಟು ಹತ್ತಿರ ಬಂದಿದ್ದಕ್ಕೆ ನನಗೆ ನಿಜಕ್ಕೂ ಖುಷಿಯಾಯಿತು. ಎಲ್ಲ ಜೋಡಿ ಊರುಗಳಿಗೂ ಈ ಸುಲಭದ ಲೆಕ್ಕ ನಡೆಯಲ್ಲ, ಅದು ಬೇರೆ ಮಾತು. ಎದುರುಬದುರು ಇದ್ದರೆ ಮಾತ್ರ.

ಈ ದೂರ ಎಷ್ಟು ದೊಡ್ಡದು ಅಂತ ಅಂದಾಜು ಬೇಕಾದರೆ, ಭೂಮಿಯ ಸುತ್ತಳತೆ 40,000 ಕಿ.ಮೀ. ಅದರ ಅರ್ಧ 20,000. ಭೂಮಿಯ ಮೇಲೆ ಯಾವ ಎರಡು ಜಾಗವೂ ಅದಕ್ಕಿಂತ ದೂರ ಇರೋಕೆ ಸಾಧ್ಯವೇ ಇಲ್ಲ. ನಾವು ಹೋಗೋದು ಅದರ ಮುಕ್ಕಾಲು ಭಾಗ.

ಇನ್ನು ಹೊತ್ತು. ಈ ದಾರಿಯಲ್ಲಿ ಹಾರುವುದು ಏರ್‌ಬಸ್ ಎ350-900 ಯುಎಲ್‌ಆರ್ ಅನ್ನುವ ವಿಮಾನ, ಅತಿ ದೂರದ ಹಾರಾಟಕ್ಕೆಂದೇ ಮಾಡಿದ್ದು. ಮೇಲೆ ಹೋದಮೇಲೆ ಅದರ ವೇಗ ಗಂಟೆಗೆ ಸುಮಾರು 900 ಕಿ.ಮೀ. 15,340ನ್ನು 900ರಿಂದ ಭಾಗಿಸಿದರೆ 17 ಗಂಟೆ. ಟಿಕೆಟ್ ಮಾತ್ರ ಬೇರೆ ಹೇಳುತ್ತದೆ. ಜನವರಿಯಲ್ಲಿ ಸಿಂಗಪುರ ನ್ಯೂಯಾರ್ಕ್‌ಗಿಂತ 13 ಗಂಟೆ ಮುಂದೆ. ನಾನು ತಲುಪುವ ಬೆಳಗಿನ 5.35 ಅಂದರೆ ಸಿಂಗಪುರದಲ್ಲಿ ಸಂಜೆ 6.35. ಹಿಂದಿನ ರಾತ್ರಿ 11.55ರಿಂದ ಅಲ್ಲಿಗೆ 18 ಗಂಟೆ 40 ನಿಮಿಷ.

ಹಾಗಾದರೆ ಒಂದು ಗಂಟೆ 40 ನಿಮಿಷ ಎಲ್ಲಿ ಹೋಯಿತು?

ಒಂದು ಭಾಗ ನೆಲದ ಮೇಲೇ ಹೋಗುತ್ತದೆ. ಟಿಕೆಟ್‌ನಲ್ಲಿ ಇರುವುದು ಹಾರುವ ಹೊತ್ತಲ್ಲ. ಈ ಕಡೆ ಗೇಟ್ ಬಿಟ್ಟು ವಿಮಾನ ಅಲುಗಾಡಿದ ಕ್ಷಣದಿಂದ ಆ ಕಡೆ ಗೇಟಿಗೆ ಬಂದು ನಿಲ್ಲುವವರೆಗಿನ ಹೊತ್ತು. ಇದಕ್ಕೆ ಬ್ಲಾಕ್ ಟೈಮ್ ಅಂತಾರೆ. ಟ್ರ್ಯಾಕ್ಟರಿನಂಥ ಗಾಡಿ ವಿಮಾನವನ್ನು ಹಿಂದಕ್ಕೆ ತಳ್ಳೋದು, ಎಂಜಿನ್ ಶುರು ಮಾಡೋದು, ರನ್‌ವೇವರೆಗೆ ಉರುಳಿಕೊಂಡು ಹೋಗೋದು, ಸಾಲಿನಲ್ಲಿ ಕಾಯೋದು ಎಲ್ಲ ಅದರಲ್ಲಿ ಸೇರಿದೆ. ಅದರ ಜೊತೆ ಸ್ವಲ್ಪ ಕೈಯಲ್ಲಿರಲಿ ಅಂತ ಸೇರಿಸಿಟ್ಟ ನಿಮಿಷಗಳೂ ಇರುತ್ತವೆ. ಪೈಲಟ್ "ನಾವು ಇಪ್ಪತ್ತು ನಿಮಿಷ ಮೊದಲೇ ಬಂದಿದ್ದೇವೆ" ಅಂತ ಹೆಮ್ಮೆಯಿಂದ ಹೇಳೋದು ಬಹಳ ಸಲ ಈ ಗಂಟಿನಿಂದಲೇ.

ಉಳಿದ ಭಾಗಕ್ಕೆ ಕಾರಣ, ವಿಮಾನ ನನ್ನ ದಾರದ ದಾರಿಯಲ್ಲಿ ಹೋಗೋದೇ ಇಲ್ಲ ಅನ್ನೋದು.

ಆ ದಾರಿ ಕಾಗದದ ಮೇಲೆ ಚೆನ್ನಾಗಿದೆ. ಥಾಯ್ಲೆಂಡ್, ಲಾವೋಸ್, ಚೀನಾ, ಮಂಗೋಲಿಯಾ, ಸೈಬೀರಿಯಾ, ಆಮೇಲೆ ಬರೀ ಹಿಮ, ಆಮೇಲೆ ಕೆನಡಾ. ಆದರೆ ಇಷ್ಟು ದೇಶಗಳ ಆಕಾಶ ದಾಟಲು ಒಪ್ಪಿಗೆ ಬೇಕು. ಧ್ರುವದ ಮೇಲೆ ಚಳಿ ಎಷ್ಟಿರುತ್ತದೆ ಅಂದರೆ ರೆಕ್ಕೆಯೊಳಗಿನ ಇಂಧನದ ಬಿಸಿಯ ಮೇಲೆ ಕಣ್ಣಿಟ್ಟಿರಬೇಕು. ಜೆಟ್ ಎ-1 ಇಂಧನ ಮೈನಸ್ 47 ಡಿಗ್ರಿಯಲ್ಲಿ ಗಟ್ಟಿಯಾಗಲು ಶುರುವಾಗುತ್ತದೆ. ಏನಾದರೂ ತೊಂದರೆಯಾದರೆ ಇಳಿಯಲು ಹತ್ತಿರದಲ್ಲಿ ನಿಲ್ದಾಣವೂ ಇರಬೇಕು. ಎರಡೇ ಎಂಜಿನ್ ಇರುವ ವಿಮಾನಕ್ಕೆ ಈ ನಿಯಮ ಮೊದಲು ಬಹಳ ಬಿಗಿ ಇತ್ತು, 1953ರ ಅಮೆರಿಕದ ನಿಯಮದಲ್ಲಿ 60 ನಿಮಿಷದ ಹಾರಾಟದೊಳಗೆ ಒಂದು ನಿಲ್ದಾಣ ಇರಲೇಬೇಕಿತ್ತು. ಎ350ಕ್ಕೆ ಈಗ 370 ನಿಮಿಷದವರೆಗೆ ಅನುಮತಿ ಇದೆ. ಹಾಗಾಗಿ ಈ ಒಂದು ಅಡ್ಡಿ ಈಗ ಅಷ್ಟು ದೊಡ್ಡದಲ್ಲ.

ಎಲ್ಲಕ್ಕಿಂತ ದೊಡ್ಡ ವಿಷಯ ಗಾಳಿ. ಒಂಬತ್ತರಿಂದ ಹನ್ನೆರಡು ಕಿಲೋಮೀಟರ್ ಎತ್ತರದಲ್ಲಿ ಪಶ್ಚಿಮದಿಂದ ಪೂರ್ವಕ್ಕೆ ಒಂದು ಗಾಳಿಯ ಹೊಳೆ ಹರಿಯುತ್ತಿರುತ್ತದೆ. ಅದೇ ಜೆಟ್ ಸ್ಟ್ರೀಮ್. ಚಳಿಗಾಲದಲ್ಲಿ ಜಪಾನಿನ ಮೇಲೆ ಅದರ ಜೋರು ಇನ್ನೂ ಜಾಸ್ತಿ. ನೇರ ಉತ್ತರಕ್ಕೆ ಹೋದರೆ ಈ ಗಾಳಿ ಅಡ್ಡ ಬೀಸುತ್ತದೆ, ಉಪಯೋಗವಿಲ್ಲ. ಸುತ್ತು ಹಾಕಿಕೊಂಡು ಪೂರ್ವಕ್ಕೆ ಹೋದರೆ ಅದೇ ಗಾಳಿ ಬೆನ್ನಿಗೆ ಬಿದ್ದು ತಳ್ಳುತ್ತದೆ. ಹೊಳೆ ಹರಿಯುವ ಕಡೆಗೇ ದೋಣಿ ಬಿಟ್ಟ ಹಾಗೆ. ಹೀಗಾಗಿ ಸಾವಿರ ಕಿಲೋಮೀಟರ್ ಜಾಸ್ತಿ ಹಾರಿದರೂ ನಷ್ಟವಿಲ್ಲ.

ಈ ಗಾಳಿಯನ್ನು ಮೊದಲು ಅಳೆದವರಲ್ಲಿ ಒಬ್ಬರು ಜಪಾನಿನ ವಸಾಬುರೊ ಓಯಿಶಿ. 1920ರ ದಶಕದಲ್ಲಿ ಬಲೂನು ಹಾರಿಬಿಟ್ಟು, ಅದು ಹೋಗುವುದನ್ನು ಗಮನಿಸಿ ಲೆಕ್ಕ ಹಾಕಿದರು. ಜಗತ್ತಿಗೆಲ್ಲ ತಿಳಿಯಲಿ ಅಂತ ವರದಿಯನ್ನು 1926ರಲ್ಲಿ ಎಸ್ಪೆರಾಂಟೊ ಭಾಷೆಯಲ್ಲಿ, ಅಂದರೆ ಎಲ್ಲ ದೇಶದವರಿಗೂ ಅರ್ಥವಾಗಲಿ ಅಂತಲೇ ಕಟ್ಟಿದ ಭಾಷೆಯಲ್ಲಿ, ಬರೆದರು. ಆ ಭಾಷೆ ಓದುವವರು ಎಷ್ಟು ಜನ ಇದ್ದಾರು ಹೇಳಿ. ಹೊರಗಿನವರು ಯಾರೂ ಅಷ್ಟಾಗಿ ಗಮನಿಸಲಿಲ್ಲ. ಎರಡನೇ ಮಹಾಯುದ್ಧದಲ್ಲಿ ಅಮೆರಿಕದ ಬಾಂಬರ್ ವಿಮಾನಗಳು ಅದೇ ಜಪಾನಿನ ಮೇಲೆ ಆ ಗಾಳಿಗೆ ಸಿಕ್ಕಿ ಪರದಾಡಿದವು.

ಗಾಳಿ ಎಷ್ಟು ವ್ಯತ್ಯಾಸ ಮಾಡಬಹುದು ಅನ್ನೋದಕ್ಕೆ 2020ರ ಫೆಬ್ರವರಿಯ ಒಂದು ಹಾರಾಟ ಸಾಕು. ಸಿಯಾರಾ ಅನ್ನುವ ಬಿರುಗಾಳಿ ಬಂದಾಗ ಬ್ರಿಟಿಷ್ ಏರ್‌ವೇಸ್‌ನ ಬೋಯಿಂಗ್ 747 ನ್ಯೂಯಾರ್ಕ್‌ನಿಂದ ಲಂಡನ್‌ಗೆ 4 ಗಂಟೆ 56 ನಿಮಿಷದಲ್ಲಿ ತಲುಪಿಬಿಟ್ಟಿತು. ಸಾಮಾನ್ಯವಾಗಿ ಅದಕ್ಕೆ ಆರು ಗಂಟೆಗಿಂತ ಜಾಸ್ತಿ ಬೇಕು. ದೂರ ಒಂದಿಂಚೂ ಕಮ್ಮಿಯಾಗಿರಲಿಲ್ಲ. ಇದಕ್ಕೆ ಉಲ್ಟಾ ಉದಾಹರಣೆ ಹೆಲ್ಸಿಂಕಿಯಿಂದ ಟೋಕಿಯೊ. 2022ರಲ್ಲಿ ರಷ್ಯಾದ ಆಕಾಶ ಮುಚ್ಚಿದ ಮೇಲೆ ಸುಮಾರು ಒಂಬತ್ತೂವರೆ ಗಂಟೆಯ ಹಾರಾಟ 13 ಗಂಟೆ ಆಯಿತು. ಎರಡೂ ಊರು ಇದ್ದಲ್ಲೇ ಇವೆ, ಆದರೆ ನಡುವಿನ ದಾರಿ ಉದ್ದ ಆಯಿತು.

ಇಷ್ಟೆಲ್ಲ ತಲೆಯಲ್ಲಿ ತುಂಬಿಕೊಂಡು ವಿಮಾನ ಹತ್ತಿದೆ. ಬೇರೆಯವರು ಸಿನಿಮಾ ಹಾಕಿಕೊಂಡರು. ನಾನು ಎದುರಿನ ಪರದೆಯಲ್ಲಿ ಮ್ಯಾಪ್ ಹಾಕಿಕೊಂಡು ಕೂತೆ. ಪಕ್ಕದ ಸೀಟಿನವರು ಒಂದೆರಡು ಸಲ ನನ್ನನ್ನೂ ಪರದೆಯನ್ನೂ ನೋಡಿ ಸುಮ್ನಾದರು.

ಸರಿಯಾಗಿ 11.55ಕ್ಕೆ ವಿಮಾನ ಹಿಂದಕ್ಕೆ ಸರಿಯಿತು. ಚಕ್ರ ನೆಲ ಬಿಟ್ಟಾಗ ಹನ್ನೆರಡೂಕಾಲು. ರನ್‌ವೇ ಮೇಲೆ ಅದು ಓಡಿದ್ದೇ ಓಡಿದ್ದು. ಭಾರ ಅಷ್ಟಿರುತ್ತದೆ. ಈ ವಿಮಾನದ ಟ್ಯಾಂಕ್ 1,65,000 ಲೀಟರ್ ಹಿಡಿಯುತ್ತದೆ. ಪೂರ್ತಿ ತುಂಬಿದರೆ ಇಂಧನದ ತೂಕವೇ 130 ಟನ್ ಮೀರುತ್ತದೆ. ಇಡೀ ವಿಮಾನ ಏರಬಹುದಾದ ತೂಕವೇ 280 ಟನ್. ಹೆಚ್ಚುಕಮ್ಮಿ ಅರ್ಧ ಇಂಧನ! ಅದಕ್ಕೇ ಇದರಲ್ಲಿ ಬರೀ 161 ಸೀಟು. ಬಿಸಿನೆಸ್ 67, ಪ್ರೀಮಿಯಂ ಎಕಾನಮಿ 94. ಸಾಮಾನ್ಯ ಎಕಾನಮಿ ಅನ್ನೋದೇ ಇಲ್ಲ.

ಭಾರ ಜಾಸ್ತಿ ಇದ್ದಾಗ ತುಂಬಾ ಎತ್ತರಕ್ಕೆ ಹೋಗೋಕಾಗಲ್ಲ. ಮೊದಲು 31,000 ಅಡಿಯಲ್ಲಿ ನಿಂತಿತು. ಇಂಧನ ಉರಿದು ಹಗುರಾದ ಹಾಗೆ ಒಂದೊಂದೇ ಮೆಟ್ಟಿಲು ಹತ್ತಿದಂತೆ ಮೇಲೆ ಹೋಗಿ, ಕೊನೆಗೆ 39,000 ಅಡಿ ತಲುಪಿತು. ನಿದ್ದೆ ಬಾರದವರಿಗೆ ಎಂಜಿನ್ ಸದ್ದು ಸ್ವಲ್ಪ ಬದಲಾಗಿ ಮೂಗು ಚೂರು ಮೇಲೆದ್ದಿದ್ದು ಗೊತ್ತಾಗುತ್ತದೆ.

ಮ್ಯಾಪಿನಲ್ಲಿ ದಾರಿ ಈಶಾನ್ಯಕ್ಕೆ ಬಾಗಿತ್ತು. ದಕ್ಷಿಣ ಚೀನಾ ಸಮುದ್ರ, ತೈವಾನಿನ ಆಚೆ, ಜಪಾನಿನ ಕೆಳಗೆ. ಶುರುವಿನಲ್ಲಿ ನೆಲಕ್ಕೆ ಹೋಲಿಸಿದ ವೇಗ 890, 900 ಅಂತ ಆಡುತ್ತಿತ್ತು. ಜಪಾನ್ ಹತ್ತಿರ ಬಂದಂತೆ 960 ಆಯಿತು, 1,020 ಆಯಿತು. ಒಂದು ಹಂತದಲ್ಲಿ 1,100 ತೋರಿಸಿತು. ಎಂಜಿನ್ ಜಾಸ್ತಿ ಏನೂ ಕೆಲಸ ಮಾಡುತ್ತಿಲ್ಲ. ಆ ಮೇಲಿನ 200 ಗಾಳಿಯ ಕೊಡುಗೆ. ಹೊರಗೆ ಮೈನಸ್ 56 ಡಿಗ್ರಿ. ಕಿಟಕಿಯ ಕೆಳಗಿನ ಚಿಕ್ಕ ತೂತಿನ ಸುತ್ತ ಹಿಮದ ಹರಳು ಕಟ್ಟಿತ್ತು.

ಹೊರಟು ಐದು ಗಂಟೆ ಆದಮೇಲೆ ಸೂರ್ಯ ಹುಟ್ಟಿದ. ನಾವೂ ಪೂರ್ವಕ್ಕೆ ಓಡುತ್ತಿದ್ದೆವಲ್ಲ, ಹಗಲು ಬೇಗ ಬಂತು, ಬೇಗ ಹೋಯಿತು. ಐದಾರು ಗಂಟೆಯ ಒಂದು ಪುಟ್ಟ ಹಗಲು. ಅದರ ಮಧ್ಯದಲ್ಲಿ ಅಂತರರಾಷ್ಟ್ರೀಯ ದಿನಾಂಕ ರೇಖೆ ದಾಟಿದೆವು. ಆ ಗೆರೆ ದಾಟುವ ಮುಂಚೆ ಮಂಗಳವಾರ ಬೆಳಗ್ಗೆ, ದಾಟಿದ ಮೇಲೆ ಸೋಮವಾರ. ಹಾಗಾಗಿ ನಾನು ನೋಡಿದ ಸೂರ್ಯಾಸ್ತ ಸೋಮವಾರದ್ದು. ಸಿಂಗಪುರದಲ್ಲಿ ಸೋಮವಾರದ ಸಂಜೆ ಒಂದು ಸಲ ಕಳೆದು, ಊಟ ಮಾಡಿ ಬಂದಿದ್ದೆ. ಮತ್ತೆ ಅದೇ ಸಂಜೆ! ನ್ಯೂಯಾರ್ಕ್ ತಲುಪುವಾಗ ಮತ್ತೆ ಕತ್ತಲೆ.

ಗಡಿಯಾರದ ಈ ಆಟಕ್ಕೆ ಇನ್ನೊಂದು ಸಣ್ಣ ತಿರುವಿದೆ. ಸೂರ್ಯನ ಲೆಕ್ಕದಲ್ಲಿ 15 ಡಿಗ್ರಿಗೆ ಒಂದು ಗಂಟೆ. 178 ಡಿಗ್ರಿಗೆ ಸುಮಾರು 12 ಗಂಟೆ ವ್ಯತ್ಯಾಸ ಇರಬೇಕು. ಜನವರಿಯಲ್ಲಿ 13 ಯಾಕೆ? 104 ಡಿಗ್ರಿಯಲ್ಲಿರುವ ಸಿಂಗಪುರ ನ್ಯಾಯವಾಗಿ ಗ್ರೀನ್‌ವಿಚ್‌ಗಿಂತ ಏಳು ಗಂಟೆ ಮುಂದಿರಬೇಕು. 1982ರಿಂದ ಅದು ಎಂಟು ಗಂಟೆ ಮುಂದೆ ಇಟ್ಟುಕೊಂಡಿದೆ. ಮಾರ್ಚ್ ಎರಡನೇ ಭಾನುವಾರ ನ್ಯೂಯಾರ್ಕ್ ಗಡಿಯಾರ ಒಂದು ಗಂಟೆ ಮುಂದೆ ಹೋಗುತ್ತದೆ, ಆಗ ವ್ಯತ್ಯಾಸ 12 ಆಗುತ್ತದೆ. ನವೆಂಬರ್ ಮೊದಲ ಭಾನುವಾರದವರೆಗೆ ಹಾಗೇ. ಟಿಕೆಟ್ ನೋಡಿ ಕೈಬೆರಳಲ್ಲಿ ಲೆಕ್ಕ ಹಾಕುವವರು ಈ ಎರಡು ಭಾನುವಾರ ನೆನಪಿಟ್ಟುಕೊಂಡರೆ ಒಳ್ಳೆಯದು.

ಹನ್ನೆರಡನೇ ಗಂಟೆಯಿಂದ ಹದಿನೈದನೇ ಗಂಟೆವರೆಗೆ ಮಾತ್ರ ಕಷ್ಟ. ಅಲ್ಲಿಯವರೆಗೆ ಹೇಗೋ ಆಗುತ್ತದೆ. ಆಮೇಲೆ ಇನ್ನೇನು ಬಂತು ಅನ್ನೋ ಹುರುಪು ಇರುತ್ತದೆ. ಈ ಮಧ್ಯದ ಮೂರು ಗಂಟೆ ನಿದ್ದೆಯೂ ಇಲ್ಲ, ಎಚ್ಚರವೂ ಇಲ್ಲ. ಕಾಲು ಜೋಮು ಹಿಡಿಯುತ್ತದೆ, ಮೂಗು ತುಟಿ ಒಣಗುತ್ತದೆ. ಆಗಾಗ ಎದ್ದು ಹಿಂದಿನವರೆಗೆ ನಡೆದು ಬರೋದು, ನೀರು ಕುಡಿಯೋದು, ಅಷ್ಟೇ ಮದ್ದು. ಪೈಲಟ್‌ಗಳು ನಾಲ್ಕು ಜನ ಇರುತ್ತಾರೆ, ಪಾಳಿಯಲ್ಲಿ ಮಲಗುತ್ತಾರೆ.

ಚಕ್ರ ನೆಲ ಮುಟ್ಟಿದಾಗ 5 ಗಂಟೆಗೆ ಇನ್ನೂ ಐದಾರು ನಿಮಿಷ ಇತ್ತು. ಹಾರಿದ್ದು 17 ಗಂಟೆ 40 ನಿಮಿಷದ ಹತ್ತಿರ. ಪರದೆಯಲ್ಲಿ ಹಾರಿದ ದೂರ 16,300 ಕಿ.ಮೀ. ದಾಟಿತ್ತು. ನನ್ನ ದಾರಕ್ಕಿಂತ ಸುಮಾರು ಸಾವಿರ ಕಿಲೋಮೀಟರ್ ಜಾಸ್ತಿ. ಭಾಗಿಸಿದರೆ ಸರಾಸರಿ ಗಂಟೆಗೆ 920ರ ಮೇಲೆ. ಗೇಟಿಗೆ ಬಂದು ನಿಂತಾಗ 5.15. ಅಂದರೆ ಟಿಕೆಟ್‌ಗಿಂತ 20 ನಿಮಿಷ ಮೊದಲು. ಪೈಲಟ್ ಅದನ್ನು ಹೇಳಿಯೂ ಹೇಳಿದರು.

ಅಲ್ಲಿಂದ ಇಮಿಗ್ರೇಷನ್ ಸಾಲು, ಬೆರಳಚ್ಚು, ಸೂಟ್‌ಕೇಸ್ ಬರುವ ಬೆಲ್ಟ್, ಕಸ್ಟಮ್ಸ್. ಹೊರಗೆ ಬಂದಾಗ 6.20. ಅಕ್ಕನಿಗೆ ನಾನು ಮೊದಲೇ ಆರೂವರೆ ಅಂತ ಹೇಳಿದ್ದೆ. ಟಿಕೆಟ್ ಹೊತ್ತಿಗೆ ಒಂದು ಗಂಟೆ ಸೇರಿಸಿದ್ದು ಸರಿಹೋಯಿತು. ಈ ಕಡೆ ವಿಮಾನ ಹೊರಡುವ ಮೂರು ಗಂಟೆ ಮುಂಚೆ ಹೋಗಿದ್ದೂ ಸೇರಿಸಿದರೆ ನಿಲ್ದಾಣದ ಬಾಗಿಲಿಂದ ಬಾಗಿಲಿಗೆ ಇಪ್ಪತ್ತೆರಡೂವರೆ ಗಂಟೆ ಹತ್ತಿರ ಬಂತು. ನನ್ನ ಪ್ರಕಾರ "ಎಷ್ಟು ಹೊತ್ತು" ಅಂತ ಕೇಳಿದವರಿಗೆ ಹೇಳಬೇಕಾದದ್ದು ಈ ಅಂಕಿ. ಉಳಿದದ್ದು ವಿಮಾನದ ಹೊತ್ತು, ನಮ್ಮದಲ್ಲ.

ಫ್ರಾಂಕ್‌ಫರ್ಟ್‌ನಲ್ಲಿ ಇಳಿದು ಹೋಗುವ ದಾರಿಯೂ ಇದೆ. ಸಿಂಗಪುರದಿಂದ ಅಲ್ಲಿಗೆ ಸುಮಾರು 10,300 ಕಿ.ಮೀ., ಅಲ್ಲಿಂದ ನ್ಯೂಯಾರ್ಕ್‌ಗೆ 6,200. ಒಟ್ಟು 16,500. ನಮ್ಮ ನೇರ ವಿಮಾನ ಸುತ್ತು ಹಾಕಿ ಹಾರಿದ ದೂರಕ್ಕೂ ಇದಕ್ಕೂ ಹೆಚ್ಚು ವ್ಯತ್ಯಾಸವೇ ಇಲ್ಲ. ಆದರೆ ಅಟ್ಲಾಂಟಿಕ್ ಮೇಲೆ ಎದುರುಗಾಳಿ, ನಡುವೆ ಇಳಿಯೋದು, ಮತ್ತೆ ಹತ್ತೋದು. ಎಲ್ಲ ಸೇರಿ ಒಂದು ದಿನ ಪೂರ್ತಿ ಬೇಕು. ಕಾಲು ಚಾಚಿ ಓಡಾಡೋಕೆ ಸಿಗುತ್ತದೆ ಅನ್ನುವವರು ಅದನ್ನೇ ಆರಿಸಿಕೊಳ್ಳಬಹುದು. ನಿದ್ದೆಯ ಮಧ್ಯೆ ಎಬ್ಬಿಸಿ ಇನ್ನೊಂದು ಸೆಕ್ಯುರಿಟಿ ಸಾಲಿನಲ್ಲಿ ನಿಲ್ಲಿಸೋದು ನನಗಂತೂ ಬೇಡ.

ವಾಪಸ್ ಬರುವಾಗ ಪಶ್ಚಿಮಕ್ಕೆ ಬರುತ್ತೇವೆ ಅಂದುಕೊಳ್ಳೋದು ಸಹಜ. ವಿಮಾನ ಮತ್ತೆ ಪೂರ್ವಕ್ಕೇ ಹೊರಟಿತು. ಅಟ್ಲಾಂಟಿಕ್ ದಾಟಿ, ಯುರೋಪ್ ಮೇಲೆ ಬಂದು, ಏಷ್ಯಾಕ್ಕೆ ಇಳಿಯಿತು. ಎದುರುಬದುರು ಇರುವ ಊರುಗಳಲ್ಲಿ ಇದೊಂದು ಅನುಕೂಲ. ಯಾವ ಕಡೆಯಿಂದ ಹೋದರೂ ಹೆಚ್ಚುಕಮ್ಮಿ ಅಷ್ಟೇ ದೂರ, ಹಾಗಾಗಿ ಎರಡು ಸಲವೂ ಗಾಳಿಯನ್ನು ಬೆನ್ನಿಗೆ ಹಾಕಿಕೊಳ್ಳಬಹುದು. ಹೋಗಿ ಬರುವಷ್ಟರಲ್ಲಿ ಭೂಮಿಗೆ ಒಂದು ಸುತ್ತು ಆಗಿತ್ತು.

ಹೋಗುವಾಗ ಸಿಕ್ಕ ಸಂಜೆಯ ಬಾಕಿ ಬರುವಾಗ ತೀರುತ್ತದೆ. ಸೋಮವಾರ ರಾತ್ರಿ ಹತ್ತೂವರೆಗೆ ನ್ಯೂಯಾರ್ಕ್ ಬಿಟ್ಟರೆ ಇಳಿಯೋದು ಬುಧವಾರ ಬೆಳಗ್ಗೆ. ಮಂಗಳವಾರ ಪೂರ್ತಿ ಆಕಾಶದಲ್ಲೇ. ಆ ದಿನ ಕೊನೇ ತಾರೀಕು ಅಂತ ಇದ್ದ ಒಂದು ಅರ್ಜಿಯನ್ನು ನಾನು ಗೇಟಿನ ಹತ್ತಿರ ಕೂತೇ ಕಳಿಸಿ ಹತ್ತಿದೆ. ಈ ದಾರಿಯಲ್ಲಿ ವಾಪಸ್ ಬರುವವರು ಮಂಗಳವಾರದ ಕೆಲಸವನ್ನು ಸೋಮವಾರವೇ ಮುಗಿಸಿಕೊಳ್ಳಿ.